ಒಂದು ಹಂದಿ ಸತ್ತಿದೆ, ಉಳಿದವನ್ನು ಮಾರಿಬಿಡಲಾ?

ಪ್ರಶ್ನೆ (ಪೊನ್ನಂಪೇಟೆ ಕಡೆಯ ಸಾಕಣೆದಾರರು):
ಡಾಕ್ಟ್ರೇ, ನಮಸ್ಕಾರ. ಶೆಡ್ಡಿನಲ್ಲಿ 26 ಹಂದಿ ಇದ್ದವು. ಮೂರನೇ ಕೋಣೆಯ ಹೆಣ್ಣು ಹಂದಿ ಎರಡು ದಿನ ಏನೂ ತಿನ್ನದೆ ಮೂಲೆಯಲ್ಲಿ ಮಲಗಿತ್ತು. ಕಿವಿ, ಹೊಟ್ಟೆ ಎಲ್ಲ ನೇರಳೆ ಬಣ್ಣಕ್ಕೆ ತಿರುಗಿ ನಿನ್ನೆ ಬೆಳಿಗ್ಗೆ ಸತ್ತಿತು. ಉಳಿದ 25 ಚೆನ್ನಾಗಿಯೇ ತಿನ್ನುತ್ತಿವೆ. ಆಫ್ರಿಕನ್ ಹಂದಿ ಜ್ವರ ಆಗಿದ್ದರೆ ಎಲ್ಲವೂ ಒಟ್ಟಿಗೆ ಸಾಯಬೇಕಿತ್ತು, ಅಲ್ವಾ? ಹಂದಿ ಜ್ವರದ ಲಸಿಕೆ ಬೇರೆ ಹಾಕಿಸಿದ್ದೇನೆ. ವ್ಯಾಪಾರಿ ನಾಳೆ ಗಾಡಿ ತರುತ್ತೇನೆ ಅಂದಿದ್ದಾರೆ. ಕೊಟ್ಟುಬಿಡಲಾ?

ಉತ್ತರ (ಪಶುವೈದ್ಯರು):
ಮೊದಲು ಆ ವ್ಯಾಪಾರಿಗೆ ಫೋನ್ ಮಾಡಿ ಗಾಡಿ ತರಬೇಡಿ ಅನ್ನಿ. ಆಮೇಲೆ ಮುಂದಿನದ್ದನ್ನು ಓದಿ.

"ಎಲ್ಲವೂ ಒಟ್ಟಿಗೆ ಸಾಯಬೇಕಿತ್ತು" ಅಂದಿರಲ್ಲ, ಎಲ್ಲರೂ ಎಡವುವುದು ಇಲ್ಲೇ. ಈ ರೋಗ ಬಂದ ಹಂದಿ ಬದುಕುವುದು ಬಹಳ ಕಡಿಮೆ, ನಿಜ. ಆದರೆ ಹರಡುವುದರಲ್ಲಿ ಅದು ಅಷ್ಟೇನೂ ಚುರುಕಲ್ಲ. ಕಾಲುಬಾಯಿ ಜ್ವರದ ಹಾಗೆ ಗಾಳಿಯಲ್ಲಿ ದೂರ ಹೋಗುವುದಿಲ್ಲ. ರಕ್ತ, ಜೊಲ್ಲು, ಸಗಣಿ, ಮಾಂಸ ಇವುಗಳಲ್ಲಿ ಯಾವುದಾದರೂ ಇನ್ನೊಂದು ಹಂದಿಯ ಬಾಯಿಗೆ ತಲುಪಬೇಕು. ತಲುಪಿದ ಮೇಲೂ ಲಕ್ಷಣ ಕಾಣಲು 4ರಿಂದ 19 ದಿನ ಬೇಕು. ಹಾಗಾಗಿ ಮೊದಲು ಒಂದು ಸಾಯುತ್ತದೆ. ಆಮೇಲೆ ಒಂದು ವಾರ ಏನೂ ಆಗುವುದಿಲ್ಲ. ಹಾವೋ ವಿಷವೋ ಇರಬೇಕು ಅಂದುಕೊಳ್ಳುತ್ತೇವೆ. ಆಮೇಲೆ ಅದೇ ಕೋಣೆಯಲ್ಲಿ ಮೂರ್ನಾಲ್ಕು ಮಲಗುತ್ತವೆ. ಅಲ್ಲಿಂದ ಮುಂದೆ ಎಣಿಸಲಿಕ್ಕೂ ಪುರುಸೊತ್ತು ಸಿಗುವುದಿಲ್ಲ.

ಆ ನಡುವಿನ ಒಂದು ವಾರ ಇದೆಯಲ್ಲ, ರೋಗ ಊರು ದಾಟುವುದು ಆಗಲೇ. ತಿನ್ನುತ್ತಾ ಓಡಾಡುತ್ತಾ ಇರುವ ಹಂದಿ ಗಾಡಿ ಹತ್ತುತ್ತದೆ. ನಾಲ್ಕು ಊರಿನ ಹಂದಿಗಳ ಜೊತೆ ನಿಲ್ಲುತ್ತದೆ. ನೀವೀಗ ಅದೇ ವಾರದಲ್ಲಿ ಇರಬಹುದು.

ಇನ್ನು ಲಸಿಕೆ. ನೀವು ಹಾಕಿಸಿದ್ದು ಕ್ಲಾಸಿಕಲ್ ಹಂದಿ ಜ್ವರದ್ದು. ಹೆಸರು ಒಂದೇ ತರ ಇದೆ ಅಷ್ಟೇ, ಎರಡು ವೈರಸ್‌ಗೂ ಸಂಬಂಧವೇ ಇಲ್ಲ. ಆಫ್ರಿಕನ್ ಜ್ವರಕ್ಕೆ ವಿಯೆಟ್ನಾಂ 2022ರಲ್ಲಿ ಒಂದು ಲಸಿಕೆಗೆ ಒಪ್ಪಿಗೆ ಕೊಟ್ಟಿತು. ನಮ್ಮ ಪಶು ಆಸ್ಪತ್ರೆಯಲ್ಲಿ ಕೇಳಿದರೆ ಅದು ಸಿಗುವುದಿಲ್ಲ. ಚಿಕಿತ್ಸೆಯೂ ಇಲ್ಲ.

ಹಾಗಂತ ನಿಮ್ಮದು ಅದೇ ರೋಗ ಅಂತ ನಾನು ಹೇಳುತ್ತಿಲ್ಲ. ಕ್ಲಾಸಿಕಲ್ ಜ್ವರದಲ್ಲೂ ಕಿವಿ ನೇರಳೆ ಆಗುತ್ತದೆ. ಎರಿಸಿಪೆಲಾಸ್ ಅಂತ ಹಂದಿಗಳಿಗೆ ಬರುವ ಬ್ಯಾಕ್ಟೀರಿಯಾ ರೋಗ ಇದೆ, ಅದರಲ್ಲೂ ಮೈಮೇಲೆ ಕೆಂಪು ಕಲೆ ಏಳುತ್ತವೆ. ಫೋಟೋ ನೋಡಿ ಹೇಳುವ ಡಾಕ್ಟರನ್ನು ನಂಬಬೇಡಿ, ನನ್ನನ್ನೂ ಸೇರಿಸಿ. ರಕ್ತ ಪರೀಕ್ಷೆಗೆ ಹೋಗಲೇಬೇಕು. 2022ರ ಜುಲೈನಲ್ಲಿ ವಯನಾಡಿನ ಮಾನಂತವಾಡಿ ಕಡೆ ರೋಗ ಬಂದಾಗ ಖಚಿತ ಆಗಿದ್ದು ಭೋಪಾಲದ ಪ್ರಯೋಗಾಲಯದಲ್ಲಿ. ಕುಟ್ಟ ದಾಟಿದರೆ ವಯನಾಡು. ನಿಮಗೆ ನಾನು ಹೇಳಬೇಕಾಗಿಲ್ಲ.

ಮತ್ತೆ ಅದೇ ಸಾಕಣೆದಾರರು:
ವ್ಯಾಪಾರಿಗೆ ಬೇಡ ಅಂದೆ ಸಾರ್. ಇನ್ನೊಂದು ವಿಷಯ ಹೇಳಿರಲಿಲ್ಲ. ಸತ್ತದ್ದನ್ನು ನಾನೂ ನಮ್ಮ ಭಾವನೂ ಸೇರಿ ಶೆಡ್ಡಿನ ಹಿಂದೆ ಕೊಯ್ದು ನೋಡಿದೆವು. ಗುಲ್ಮ ಕಪ್ಪಗೆ ಊದಿಕೊಂಡಿತ್ತು. ಭಾವನ ಮನೆಯಲ್ಲೂ ಎಂಟು ಹಂದಿ ಇವೆ.

ಉತ್ತರ:
ಕೊಯ್ಯಬಾರದಿತ್ತು. ಬೈಯುತ್ತಿಲ್ಲ, ಎಲ್ಲರೂ ಮಾಡುವುದು ಅದನ್ನೇ. ಆದರೆ ಈ ವೈರಸ್ ಎಲ್ಲಕ್ಕಿಂತ ಜಾಸ್ತಿ ಇರುವುದು ರಕ್ತದಲ್ಲಿ. ಒಂದು ಹನಿಯಲ್ಲೇ ಲಕ್ಷಗಟ್ಟಲೆ. ತಂಪು ಜಾಗದಲ್ಲಿದ್ದರೆ ರಕ್ತದಲ್ಲಿ ವರ್ಷಕ್ಕೂ ಮೇಲೆ ಜೀವ ಹಿಡಿದಿರುತ್ತದೆ. ಗುಲ್ಮ ಹಾಗೆ ಊದಿದ್ದು ನನಗೂ ಹೆದರಿಕೆ ಹುಟ್ಟಿಸುತ್ತಿದೆ.

ಭಾವನಿಗೆ ಈಗಲೇ ಫೋನ್ ಮಾಡಿ. ಮನೆಯಲ್ಲಿ ಬೇರೆಯವರು ಇದ್ದರೆ ಹಂದಿಗಳನ್ನು ಅವರೇ ನೋಡಿಕೊಳ್ಳಲಿ. ನಿನ್ನೆ ಹಾಕಿದ್ದ ಬಟ್ಟೆ, ಕತ್ತಿ, ಗಂಬೂಟು ಶೆಡ್ಡಿನ ಹತ್ತಿರ ಹೋಗಬಾರದು. ಗಂಬೂಟಿನ ಅಡಿ ತಿರುಗಿಸಿ ನೋಡಲು ಹೇಳಿ. ಆ ಗೀರುಗಳ ಒಳಗೆ ಮಣ್ಣು, ಸಗಣಿ, ರಕ್ತ ಒಣಗಿ ಗಟ್ಟಿಯಾಗಿ ಕೂತಿರುತ್ತದೆ. ಅದರ ಮೇಲೆ ಬ್ಲೀಚಿಂಗ್ ಪೌಡರ್ ನೀರು ಸುರಿದರೆ ಸುಮ್ನೆ ದಂಡ. ಕೊಳೆಯೇ ಔಷಧಿಯನ್ನು ತಿಂದುಬಿಡುತ್ತದೆ. ಕಡ್ಡಿಯಲ್ಲಿ ಕೆರೆದು, ಸೋಪು ಹಾಕಿ ಬ್ರಷ್ಷಿನಲ್ಲಿ ಉಜ್ಜಿ, ತೊಳೆದು, ಆಮೇಲೆ ಬ್ಲೀಚಿಂಗ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿಡಬೇಕು. ಕೊಯ್ದ ಜಾಗದ ಮಣ್ಣನ್ನೂ ಹೆಣವನ್ನೂ ಏನು ಮಾಡಬೇಕು ಅಂತ ಸ್ಥಳಕ್ಕೆ ಬರುವ ಡಾಕ್ಟರ್ ಹೇಳುತ್ತಾರೆ. ಅಲ್ಲಿಯವರೆಗೆ ಸುಣ್ಣ ಹಾಕಿ ಮುಚ್ಚಿ, ನಾಯಿ ಎಳೆಯದ ಹಾಗೆ ನೋಡಿಕೊಳ್ಳಿ.

ಪ್ರಶ್ನೆ (ಮೈಸೂರು ಹತ್ತಿರದ ಒಬ್ಬರು):
ನಾವು ಹೋಟೆಲ್ ಮುಸುರೆ ಹಾಕಿಯೇ ಸಾಕುವುದು. ಕುದಿಸಿಯೇ ಕೊಡುತ್ತೇವೆ. ತೊಂದರೆ ಇಲ್ಲ ತಾನೇ?

ಉತ್ತರ:
ಅಕ್ಕಾ, ಈ ರೋಗ ದೇಶದಿಂದ ದೇಶಕ್ಕೆ ಹೋದ ದಾರಿ ನೋಡಿದರೆ ಬಹುಪಾಲು ಮುಸುರೆಯದ್ದೇ ಕಥೆ. ಮೊದಲು ಇದನ್ನು ಗುರುತಿಸಿದ್ದು ಕೀನ್ಯಾದಲ್ಲಿ, 1921ರಲ್ಲಿ ವರದಿಯಾಯಿತು. ಅಲ್ಲಿನ ಕಾಡಿನ ವಾರ್ಟ್‌ಹಾಗ್ ಹಂದಿ, ಅದರ ಬಿಲದಲ್ಲಿರುವ ಒಂದು ಜಾತಿಯ ಉಣ್ಣೆ, ಇವುಗಳ ನಡುವೆ ವೈರಸ್ ತನ್ನ ಪಾಡಿಗೆ ಇತ್ತು. ವಾರ್ಟ್‌ಹಾಗ್‌ಗೆ ಏನೂ ಆಗುತ್ತಿರಲಿಲ್ಲ. 1957ರಲ್ಲಿ ಲಿಸ್ಬನ್ ವಿಮಾನ ನಿಲ್ದಾಣದ ಹತ್ತಿರ ವಿಮಾನದಲ್ಲಿ ಉಳಿದ ಊಟವನ್ನು ಹಂದಿಗಳಿಗೆ ಹಾಕಿದರು, ಯುರೋಪಿಗೆ ಬಂತು. 2007ರಲ್ಲಿ ಜಾರ್ಜಿಯಾ ದೇಶದ ಪೋಟಿ ಬಂದರಿನಲ್ಲಿ ಹಡಗಿನ ಮುಸುರೆಯಿಂದ ಮತ್ತೆ ಬಂತು ಅನ್ನುವುದು ಬಲವಾದ ಅನುಮಾನ. ಅಲ್ಲಿಂದ ರಷ್ಯಾ, 2018ರಲ್ಲಿ ಚೀನಾ, 2020ರಲ್ಲಿ ನಮ್ಮ ಅಸ್ಸಾಂ, ಅರುಣಾಚಲ. ಉಪ್ಪು ಹಾಕಿ ಒಣಗಿಸಿದ ಮಾಂಸದಲ್ಲೂ ಇದು ತಿಂಗಳುಗಟ್ಟಲೆ ಉಳಿಯುತ್ತದೆ. ಫ್ರೀಜರ್‌ನಲ್ಲಿ ಇನ್ನೂ ಜಾಸ್ತಿ.

ಕುದಿಸುತ್ತೀರಿ, ಒಳ್ಳೆಯದು. ಹೇಗೆ ಕುದಿಸುತ್ತೀರಿ? ಮೇಲೆ ಗುಳ್ಳೆ ಬಂದ ಕೂಡಲೇ ಇಳಿಸಿದರೆ ತಳದಲ್ಲಿರುವ ದಪ್ಪ ಎಲುಬಿನ ಒಳಗೆ ಬಿಸಿಯೇ ಹೋಗಿರುವುದಿಲ್ಲ. ಕೈಯಾಡಿಸುತ್ತಾ ಒಂದು ಗಂಟೆ ಕುದಿಸಬೇಕು. ಇನ್ನೊಂದು, ಬಕೆಟ್. ಒಂದು ಕಡೆ ಹೋದಾಗ ನೋಡಿದೆ, ಡ್ರಮ್ಮಿನಲ್ಲಿ ಮುಸುರೆ ಚೆನ್ನಾಗಿ ಕುದಿಯುತ್ತಿತ್ತು. ಮನೆಯವರು ಹಸಿ ಮುಸುರೆ ತಂದಿದ್ದ ನೀಲಿ ಬಕೆಟನ್ನೇ ಅದಕ್ಕೆ ಅದ್ದಿ, ತುಂಬಿಕೊಂಡು ಶೆಡ್ಡಿಗೆ ಹೊರಟರು. ಅಂಚಿನಲ್ಲಿ ಹಸಿ ಕೊಬ್ಬು ಅಂಟಿಕೊಂಡೇ ಇತ್ತು. ಒಂದು ಗಂಟೆ ಸೌದೆ ಉರಿಸಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ಹಸಿಗೆ ಒಂದು ಬಣ್ಣ, ಬೆಂದದ್ದಕ್ಕೆ ಇನ್ನೊಂದು ಬಣ್ಣದ ಬಕೆಟ್ ಇಟ್ಟುಕೊಳ್ಳಿ. ಹಂದಿ ಮಾಂಸ ಬಡಿಸುವ ಹೋಟೆಲಿನ ಮುಸುರೆ ಬೇಡವೇ ಬೇಡ.

ಪ್ರಶ್ನೆ (ಮಡಿಕೇರಿಯಿಂದ):
ಮದುವೆ ಸೀಸನ್ ಸಾರ್. ಪಂದಿ ಕರಿ ತಿಂದರೆ ನಮಗೆ ಏನಾದರೂ ಆಗುತ್ತದಾ?

ಉತ್ತರ:
ಮನುಷ್ಯರಿಗೆ ಈ ರೋಗ ಬರುವುದೇ ಇಲ್ಲ. ಬೆಂದ ಕರಿಯನ್ನು ನೆಮ್ಮದಿಯಾಗಿ ತಿನ್ನಿ. ಹುಷಾರಾಗಿರಬೇಕಾದದ್ದು ಅಡುಗೆಗೆ ಮುಂಚೆ. ಮಾಂಸ ತೊಳೆದ ನೀರು, ಬಿಸಾಡಿದ ಚರ್ಮದ ಚೂರು ಹಿತ್ತಲಿನ ಹಂದಿಗೆ ಸಿಗಬಾರದು. ಕಾಯಿಲೆ ಬಿದ್ದ ಹಂದಿಯನ್ನು ಕಡಿದು ಮಾರುವುದಂತೂ ರೋಗವನ್ನು ಕಿಲೋ ಲೆಕ್ಕದಲ್ಲಿ ಮನೆಮನೆಗೆ ಹಂಚಿದ ಹಾಗೆ.

ಪ್ರಶ್ನೆ (ಇನ್ನೊಬ್ಬರು):
ಕಾಡು ಹಂದಿ ತೋಟಕ್ಕೆ ಬರುತ್ತದೆ. ನಾಯಿ ಮೈಮೇಲೆ ಉಣ್ಣೆಯೂ ಇದೆ. ಗರ್ಭ ಕಟ್ಟಿಸಲು ಪಕ್ಕದೂರಿನಿಂದ ಗಂಡು ಹಂದಿ ತರುತ್ತೇವೆ. ಯಾವುದಕ್ಕೆ ಹೆದರಬೇಕು?

ಉತ್ತರ:
ಗಂಡು ಹಂದಿಗೆ. ಮೂರು ಊರು ಸುತ್ತಿ ಬಂದದ್ದನ್ನು ನೇರ ಕೋಣೆಯೊಳಗೇ ಬಿಡುತ್ತೀರಿ. ನಾಯಿಯ ಉಣ್ಣೆ ಬೇರೆ ಜಾತಿ, ಅದರ ಚಿಂತೆ ಬಿಡಿ. ಕಾಡು ಹಂದಿಗೂ ಈ ರೋಗ ಬರುತ್ತದೆ, ಅದೂ ಸಾಯುತ್ತದೆ, ಅದರ ಹೆಣವೇ ಅಪಾಯ. ಚೆಕ್ ದೇಶದ ಜ್ಲಿನ್ ಹತ್ತಿರ 2017ರಲ್ಲಿ ಕಾಡು ಹಂದಿಗಳಿಗೆ ಬಂದಾಗ ಬೇಲಿ ಹಾಕಿ, ಹೆಣ ಹುಡುಕಿ ತೆಗೆದು ರೋಗವನ್ನು ಅಲ್ಲೇ ನಿಲ್ಲಿಸಿದರು. ನಿಮ್ಮ ಮಟ್ಟಿಗೆ ಶೆಡ್ಡಿನ ಸುತ್ತ ಗಟ್ಟಿ ಬೇಲಿ ಸಾಕು. ಹಂದಿಗಳನ್ನು ಹೊರಗೆ ಬಿಡಬೇಡಿ.

ಮೊದಲನೆಯ ಸಾಕಣೆದಾರರು:
ಪಶು ಆಸ್ಪತ್ರೆಗೆ ಹೇಳಿದೆ. ನಾಳೆ ಬಂದು ರಕ್ತ ತೆಗೆಯುತ್ತಾರಂತೆ. ಪಾಸಿಟಿವ್ ಬಂದರೆ ಎಲ್ಲವನ್ನೂ ಕೊಲ್ಲುತ್ತಾರಾ?

ಉತ್ತರ:
ಹೌದು. ನಿಮ್ಮ ಶೆಡ್ಡಿನ ಸುತ್ತ 1 ಕಿಲೋಮೀಟರ್ ಒಳಗಿನ ಹಂದಿಗಳನ್ನೂ ಕೊಲ್ಲುತ್ತಾರೆ. 10 ಕಿಲೋಮೀಟರ್‌ವರೆಗೆ ನಿಗಾ ಇಡುತ್ತಾರೆ. ಸರ್ಕಾರ ಕೊಂದದ್ದಕ್ಕೆ ಪರಿಹಾರ ಇದೆ, ಮೊದಲೇ ಸತ್ತದ್ದಕ್ಕೆ ಇಲ್ಲ. ಅದಕ್ಕೇ ಮುಚ್ಚಿಟ್ಟು ಕಾದಷ್ಟೂ ನಷ್ಟ ನಿಮ್ಮದೇ. ಅಕ್ಕಪಕ್ಕದವರ ಸಿಟ್ಟು ಬೇರೆ ಇರುತ್ತದೆ, ಗೊತ್ತು. ಹೇಳದೆ ಇದ್ದು ಆಮೇಲೆ ಅವರಿಗೆ ಗೊತ್ತಾದರೆ ಇನ್ನೂ ಕಷ್ಟ.

ಮೊದಲನೆಯ ಸಾಕಣೆದಾರರು:
ಆಯ್ತು ಡಾಕ್ಟ್ರೇ. ಈಗ ಸಂಜೆ ತಿಂಡಿ ಹಾಕುವ ಹೊತ್ತು. ಹಾಕಬಹುದಾ?

ಉತ್ತರ:
ಹಾಕಿ, ಪಾಪ. ಮೊದಲು ಒಂದನೇ ಕೋಣೆಯಿಂದ ಶುರು ಮಾಡಿ. ಮೂರನೆಯದಕ್ಕೆ ಕೊನೆಯಲ್ಲಿ, ಬೇರೆ ಬಕೆಟ್ಟಿನಲ್ಲಿ. ಗಂಬೂಟು ಶೆಡ್ಡಿನಲ್ಲೇ ಬಿಟ್ಟು ಬರಿಗಾಲಲ್ಲಿ ಮನೆಗೆ ಬನ್ನಿ, ಕಾಲು ಹೊರಗೇ ತೊಳೆದುಕೊಳ್ಳಿ.