ಬೇರೆ ಬೇರೆ ಬ್ರೌಸರ್‌ಗಳಲ್ಲಿ ಪುಟದ ಒಂದು ಭಾಗವನ್ನು ಪೂರ್ಣಪರದೆಯಲ್ಲಿ ತೋರಿಸುವುದು ಹೇಗೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಮ್ಮೂರಿನ ಪ್ರೌಢಶಾಲೆಯಲ್ಲಿ ವಾರಕ್ಕೊಮ್ಮೆ ಮಕ್ಕಳಿಂದ ವಚನಗಳನ್ನು ಓದಿಸಿ ಅರ್ಥ ಹೇಳುವ ತರಗತಿ ನಡೆಯುತ್ತದೆ. ಅದಕ್ಕೆಂದು ನಾನೊಂದು ವೆಬ್ ಪುಟ ಮಾಡಿಕೊಟ್ಟಿದ್ದೇನೆ. ಪಟ್ಟಿಯಿಂದ ವಚನವನ್ನು ಆರಿಸಿ ‘ದೊಡ್ಡದಾಗಿ ತೋರಿಸು’ ಎಂಬ ಬಟನ್ ಒತ್ತಿದರೆ ಸರ್ವರ್‌ನಿಂದ ಪಠ್ಯ ಬಂದು, ವಚನವಿರುವ ಭಾಗ ಮಾತ್ರ ಪ್ರೊಜೆಕ್ಟರಿನ ಪರದೆಯನ್ನು ತುಂಬಬೇಕು; ಕಠಿಣ ಪದದ ಮೇಲೆ ಕ್ಲಿಕ್ ಮಾಡಿದಾಗ ಅದರ ಅರ್ಥ ಒಂದು ಸಣ್ಣ ಪೆಟ್ಟಿಗೆಯಲ್ಲಿ ಮೂಡಬೇಕು.

ಎಫ್ 11 ಕೀಲಿ ಒತ್ತಿದರೆ ಪುಟವೆಲ್ಲ ಸರಿಯಾಗಿಯೇ ಕಾಣುತ್ತದೆ. ಬಟನ್ ಒತ್ತಿದಾಗ ಮಾತ್ರ ತೊಂದರೆ. ಮನೆಯಲ್ಲಿ ಪ್ರತಿ ಸಲವೂ ಕೆಲಸ ಮಾಡುವ ಬಟನ್, ಶಾಲೆಯಲ್ಲಿ ಒಮ್ಮೆ ಮಾಡಿದರೆ ಮತ್ತೊಮ್ಮೆ ಮಾಡುವುದಿಲ್ಲ. ಪೂರ್ಣಪರದೆಯಾದಾಗ ಹಿನ್ನೆಲೆ ಕಪ್ಪಾಗಿ ಅಕ್ಷರಗಳು ಅದರಲ್ಲೇ ಮುಳುಗಿಹೋಗುತ್ತವೆ, ಅರ್ಥದ ಪೆಟ್ಟಿಗೆ ಕಾಣಿಸುವುದೇ ಇಲ್ಲ. ಒಬ್ಬ ಶಿಕ್ಷಕರ ಫೋನಿನಲ್ಲಂತೂ ಬಟನ್‌ಗೆ ಯಾವ ಪ್ರತಿಕ್ರಿಯೆಯೂ ಇಲ್ಲ. ಪ್ರತಿಯೊಂದು ಬ್ರೌಸರಿಗೂ ಬೇರೆ ಬೇರೆ ಕೋಡ್ ಬರೆಯಬೇಕೆ?

ಉತ್ತರ 1

ಬ್ರೌಸರಿನ ಹೆಸರು ನೋಡಿ ಕೋಡ್ ಬರೆಯುವ ದಾರಿ ಹಿಡಿಯಬೇಡಿ. ಅದಕ್ಕೆ ಕೊನೆಯೇ ಇರುವುದಿಲ್ಲ. ಸೌಲಭ್ಯ ಇದೆಯೇ ಎಂದು ಕೇಳಿ, ಇದ್ದರೆ ಬಳಸಿ, ಇಲ್ಲವಾದರೆ ಬಟನ್ನನ್ನೇ ತೋರಿಸದಿರಿ.

ಮೊದಲು ಎಫ್ 11ರ ವಿಷಯ. ಆ ಕೀಲಿಯಿಂದ ಬ್ರೌಸರಿನ ಇಡೀ ಕಿಟಕಿ ದೊಡ್ಡದಾಗುತ್ತದೆಯೇ ಹೊರತು ನಿಮ್ಮ ಪುಟದ ಯಾವ ಎಲಿಮೆಂಟೂ (ಪುಟವನ್ನು ಕಟ್ಟಿರುವ ಬಿಡಿಭಾಗ) ಪೂರ್ಣಪರದೆಗೆ ಹೋಗುವುದಿಲ್ಲ. ಬಟನ್ ಒತ್ತಿದಾಗ ಆಗುವುದು ಬೇರೆ: ನೀವು ಹೆಸರಿಸಿದ ಎಲಿಮೆಂಟ್ ಮತ್ತು ಅದರೊಳಗಿರುವುದು ಮಾತ್ರ ಮೇಲಿನ ಪದರಕ್ಕೆ ಬಂದು, ಅದರ ಹಿಂದೆ ಬ್ರೌಸರ್ ಕಪ್ಪು ಹಾಸನ್ನು ಹಾಸುತ್ತದೆ. ನಿಮ್ಮ ವಚನದ ಭಾಗಕ್ಕೆ ಸ್ವಂತ ಹಿನ್ನೆಲೆ ಬಣ್ಣ ಕೊಟ್ಟಿರಲಾರಿರಿ, ಇಷ್ಟು ದಿನ ಪುಟದ ಬಿಳಿ ಬಣ್ಣವೇ ಅದರ ಮೂಲಕ ಕಾಣುತ್ತಿತ್ತು; ಹಾಗಾಗಿ ಈಗ ಕಪ್ಪು ಅಕ್ಷರ ಕಪ್ಪಿನ ಮೇಲೆ ಬಿದ್ದಿದೆ. ಆ ಭಾಗಕ್ಕೆ ನೇರವಾಗಿ ಒಂದು ಹಿನ್ನೆಲೆ ಬಣ್ಣ ಕೊಟ್ಟರೆ ಸಾಕು. ಅರ್ಥದ ಪೆಟ್ಟಿಗೆ ಕಾಣದಿರಲು ಕಾರಣವೂ ಇದೇ: ಅದನ್ನು ನೀವು ಬಾಡಿಯ (ಪುಟದಲ್ಲಿ ಕಾಣುವುದನ್ನೆಲ್ಲ ಒಳಗೊಂಡ ಎಲಿಮೆಂಟಿನ) ಕೊನೆಯಲ್ಲಿ ಸೇರಿಸುತ್ತಿದ್ದರೆ ಅದು ಕೆಳಗಿನ ಪದರದಲ್ಲೇ ಉಳಿಯುತ್ತದೆ, ಝಡ್-ಇಂಡೆಕ್ಸ್ (ಯಾವುದು ಯಾವುದರ ಮೇಲೆ ಕಾಣಬೇಕೆಂದು ಹೇಳುವ ಸಂಖ್ಯೆ) ಎಷ್ಟು ಏರಿಸಿದರೂ ಮೇಲೆ ಬರುವುದಿಲ್ಲ. ಪೆಟ್ಟಿಗೆಯನ್ನು ವಚನದ ಭಾಗದೊಳಗೇ ಇಡಿ, ಇಲ್ಲವೇ ಪೆಟ್ಟಿಗೆಗೆಂದೇ ಇರುವ ಡೈಲಾಗ್ ಟ್ಯಾಗ್ ಬಳಸಿ, ಅದನ್ನು ಮೇಲಿನ ಪದರದಲ್ಲಿ ತೆರೆಯುವ ಶೋಮೋಡಲ್ ಆಜ್ಞೆಯ ಮೂಲಕ ತೆರೆಯಿರಿ.

ಒಮ್ಮೆ ಆಗಿ ಒಮ್ಮೆ ಆಗದಿರುವುದಕ್ಕೆ ಕಾರಣ ಶಾಲೆಯ ನಿಧಾನವಾದ ಇಂಟರ್ನೆಟ್ ಇರಬಹುದು. ಪೂರ್ಣಪರದೆಗೆ ಹೋಗುವಂತೆ ಪುಟವು ತಾನಾಗಿಯೇ ಕೇಳುವಂತಿಲ್ಲ. ಬಳಕೆದಾರರು ಕ್ಲಿಕ್ ಮಾಡಿದ ಅಥವಾ ಕೀಲಿ ಒತ್ತಿದ ಕೆಲವೇ ಸೆಕೆಂಡುಗಳೊಳಗೆ ಕೇಳಬೇಕು. ನೀವು ಕ್ಲಿಕ್ ಆದ ಮೇಲೆ ಸರ್ವರಿನಿಂದ ಪಠ್ಯ ಬರುವವರೆಗೆ ಕಾದು ಆಮೇಲೆ ಕೇಳುತ್ತಿದ್ದೀರಿ. ಪಠ್ಯ ತಡವಾದರೆ ಆ ಅನುಮತಿಯ ಅವಧಿ ಮುಗಿದಿರುತ್ತದೆ, ಬ್ರೌಸರ್ ನಿರಾಕರಿಸುತ್ತದೆ. ಈ ಕ್ರಮವನ್ನು ತಿರುಗಿಸಿ: ಬಟನ್ ಒತ್ತಿದ ತಕ್ಷಣ ಮೊದಲು ಪೂರ್ಣಪರದೆಯನ್ನು ಕೇಳುವ ರಿಕ್ವೆಸ್ಟ್‌ಫುಲ್‌ಸ್ಕ್ರೀನ್ ಆಜ್ಞೆಯನ್ನು ಕರೆಯಿರಿ, ಪಠ್ಯ ಆಮೇಲೆ ಬಂದು ತುಂಬಿಕೊಳ್ಳಲಿ. ಇನ್ನೂ ಒಳ್ಳೆಯದೆಂದರೆ ವಚನವನ್ನು ಪಟ್ಟಿಯಲ್ಲಿ ಆರಿಸಿದಾಗಲೇ ಪಠ್ಯ ತರಿಸಿಟ್ಟುಕೊಳ್ಳುವುದು.

ಈ ಆಜ್ಞೆಗೆ ಬ್ರೌಸರಿಗೊಂದರಂತೆ ಇದ್ದ ಹೆಸರುಗಳ ಗೊಂದಲ ಈಗ ಬಹುಪಾಲು ಮುಗಿದಿದೆ. ಹಿಂದೆ ಸಫಾರಿ ಮತ್ತು ಕ್ರೋಮ್‌ಗೆ ವೆಬ್‌ಕಿಟ್, ಫೈರ್‌ಫಾಕ್ಸ್‌ಗೆ ಮೋಝ್, ಇಂಟರ್ನೆಟ್ ಎಕ್ಸ್‌ಪ್ಲೋರರ್ 11ಕ್ಕೆ ಎಂಎಸ್ ಎಂಬ ಪೂರ್ವಪದ ಬೇಕಿತ್ತು. ಮೋಝ್ ರೂಪದಲ್ಲಿ ‘ಸ್ಕ್ರೀನ್’ ಪದದ ಮೊದಲ ಅಕ್ಷರವೂ ದೊಡ್ಡದು, ಅದೊಂದು ಅಕ್ಷರಕ್ಕಾಗಿ ನಾನು ಒಂದು ಸಂಜೆಯನ್ನೇ ಕಳೆದಿದ್ದೇನೆ. 2018ರ ಡಿಸೆಂಬರಿನಲ್ಲಿ ಕ್ರೋಮ್ 71 ಮತ್ತು ಫೈರ್‌ಫಾಕ್ಸ್ 64, 2023ರ ಮಾರ್ಚಿನಲ್ಲಿ ಸಫಾರಿ 16.4 ಪೂರ್ವಪದವಿಲ್ಲದ ಹೆಸರನ್ನು ಒಪ್ಪಿಕೊಂಡವು. ಹಳೆಯ ಮ್ಯಾಕ್ ಮತ್ತು ಐಪ್ಯಾಡ್‌ಗಳಿಗಾಗಿ ವೆಬ್‌ಕಿಟ್ ರೂಪವೊಂದನ್ನು ಎರಡನೆಯ ಆಯ್ಕೆಯಾಗಿ ಇಟ್ಟುಕೊಳ್ಳಿ. ಆ ಹಳೆಯ ರೂಪ ಪ್ರಾಮಿಸ್ (ಕೆಲಸ ಆಯಿತೇ ಇಲ್ಲವೇ ಎಂದು ಆಮೇಲೆ ತಿಳಿಸುವ ವಸ್ತು) ಹಿಂದಿರುಗಿಸುವುದಿಲ್ಲವಾದ್ದರಿಂದ ಅದರ ಮುಂದೆ, ಕೆಲಸವಾದ ಮೇಲೆ ಏನು ಮಾಡಬೇಕೆಂದು ಹೇಳುವ ದೆನ್ ಬರೆದರೆ ಕೋಡ್ ಅಲ್ಲಿಯೇ ಮುರಿಯುತ್ತದೆ.

ಆ ಫೋನು ಐಫೋನ್ ಆಗಿದ್ದರೆ ತಪ್ಪು ನಿಮ್ಮದಲ್ಲ. ವೀಡಿಯೊ ಬಿಟ್ಟರೆ ಬೇರೆ ಎಲಿಮೆಂಟ್‌ಗಳಿಗೆ ಐಫೋನಿನ ಸಫಾರಿ ಈ ಸೌಲಭ್ಯವನ್ನು ವರ್ಷಗಟ್ಟಲೆ ಕೊಟ್ಟಿರಲಿಲ್ಲ. ಅಂಥ ಫೋನುಗಳಲ್ಲಿ ಪುಟವನ್ನು ಹೋಮ್ ಸ್ಕ್ರೀನಿಗೆ ಸೇರಿಸಿಕೊಂಡು, ಪುಟವು ಆ್ಯಪ್‌ನಂತೆ ಹೇಗೆ ತೆರೆಯಬೇಕೆಂದು ಹೇಳುವ ಮ್ಯಾನಿಫೆಸ್ಟ್ ಕಡತದಲ್ಲಿ ಡಿಸ್‌ಪ್ಲೇ ಎಂಬುದಕ್ಕೆ ಸ್ಟ್ಯಾಂಡ್‌ಅಲೋನ್ ಎಂದು ಕೊಟ್ಟರೆ ವಿಳಾಸಪಟ್ಟಿಯಿಲ್ಲದೆ ತೆರೆಯುತ್ತದೆ.

ಉತ್ತರ 2

ಮೇಲಿನವರು ಹೇಳಿದ್ದೆಲ್ಲ ಸರಿ. ಶೈಲಿಯ ಕುರಿತು ಎರಡು ಮಾತು ಸೇರಿಸುತ್ತೇನೆ. ಸಿಎಸ್‌ಎಸ್‌ನಲ್ಲಿ (ಪುಟದ ನೋಟವನ್ನು ಹೇಳುವ ಭಾಷೆಯಲ್ಲಿ) ಪೂರ್ಣಪರದೆಯಲ್ಲಿರುವ ಎಲಿಮೆಂಟನ್ನು ಸೂಚಿಸುವ ಫುಲ್‌ಸ್ಕ್ರೀನ್ ಮತ್ತು ಅದರ ವೆಬ್‌ಕಿಟ್ ರೂಪವನ್ನು ಅಲ್ಪವಿರಾಮ ಹಾಕಿ ಒಂದೇ ನಿಯಮದಲ್ಲಿ ಬರೆಯಬೇಡಿ. ಬ್ರೌಸರಿಗೆ ಅವುಗಳಲ್ಲಿ ಒಂದು ತಿಳಿಯದಿದ್ದರೂ ಅದು ಇಡೀ ನಿಯಮವನ್ನೇ ಕೈಬಿಡುತ್ತದೆ. ಎರಡು ನಿಯಮಗಳನ್ನು ಬೇರೆ ಬೇರೆಯಾಗಿಯೇ ಬರೆಯಿರಿ.

ಕನ್ನಡ ಪಠ್ಯಕ್ಕೆ ಇನ್ನೊಂದು ಎಚ್ಚರ ಬೇಕು. ‘ಶಾಸ್ತ್ರ’ ಎಂಬ ಪದವನ್ನು ದೊಡ್ಡ ಅಕ್ಷರದಲ್ಲಿ ಹಾಕಿ ನೋಡಿ: ಸಕಾರದ ಕೆಳಗೆ ತ ಒತ್ತು, ಅದರ ಜೊತೆಗೆ ರ ಒತ್ತು. ಇಂಗ್ಲಿಷಿಗೆ ಹೊಂದುವ 1.2ರ ಸಾಲಿನ ಎತ್ತರವನ್ನೇ ಇಟ್ಟಿದ್ದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಣಿತಕ್ಕೆ ತಾಗುತ್ತದೆ, ಕೊನೆಯ ಸಾಲಿನದು ಪರದೆಯ ಅಂಚಿನಲ್ಲಿ ಕತ್ತರಿಸಿಹೋಗುತ್ತದೆ. ಓದುವುದನ್ನು ಕಲಿಯುತ್ತಿರುವ ಮಕ್ಕಳ ಎದುರಿಗೆ ಒತ್ತೇ ಇಲ್ಲದ ಅಕ್ಷರ ತೋರಿಸುವುದು ಸಣ್ಣ ತಪ್ಪಲ್ಲ. ಸಾಲಿನ ಎತ್ತರವನ್ನು 1.8ರಷ್ಟು ಇಡಿ, ಕೆಳಗೆ ಪ್ಯಾಡಿಂಗ್ (ಖಾಲಿ ಜಾಗ) ಕೊಡಿ, ಉದ್ದದ ವಚನಗಳು ಉರುಳುವಂತೆ ಓವರ್‌ಫ್ಲೋ ಆಟೋ ಮಾಡಿ.

ಉತ್ತರ 3

ತರಗತಿಗೆ ಒಂದೇ ಕಂಪ್ಯೂಟರ್ ಮೀಸಲಿದ್ದರೆ ಕ್ರೋಮ್ ಅಥವಾ ಫೈರ್‌ಫಾಕ್ಸನ್ನು ಕಿಯಾಸ್ಕ್ ಆಯ್ಕೆಯೊಂದಿಗೆ (ಬ್ರೌಸರ್ ಮೊದಲಿನಿಂದಲೇ ಇಡೀ ಪರದೆಯನ್ನು ತುಂಬಿ ತೆರೆಯುವ ಬಗೆ) ಆರಂಭಿಸಬಹುದು. ಆಗ ಬಟನ್ನಿನ ಅಗತ್ಯವೇ ಬೀಳುವುದಿಲ್ಲ. ಅದರಿಂದ ಹೊರಬರಲು ಎಸ್ಕೇಪ್ ಕೀಲಿ ಸಾಲದು, ವಿಂಡೋಸ್‌ನಲ್ಲಾದರೆ ಆಲ್ಟ್ ಮತ್ತು ಎಫ್ 4 ಒತ್ತಬೇಕೆಂದು ಶಿಕ್ಷಕರಿಗೆ ಮೊದಲೇ ಹೇಳಿಡಿ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ವಚನ ಆರಿಸಿದಾಗಲೇ ಪಠ್ಯ ತರಿಸುವಂತೆ ಬದಲಿಸಿ ಇಂದು ಶಾಲೆಯ ಇಂಟರ್ನೆಟ್ಟಿನಲ್ಲೇ ಹತ್ತು ಸಲ ಪರೀಕ್ಷಿಸಿದೆ. ಹತ್ತು ಸಲವೂ ತೆರೆಯಿತು. ಅರ್ಥದ ಪೆಟ್ಟಿಗೆ ನಿಜವಾಗಿಯೂ ಬಾಡಿಯ ಕೊನೆಯಲ್ಲಿತ್ತು, ಈಗ ಒಳಗೆ ಸೇರಿಸಿದ್ದೇನೆ. ಬೇರೆ ಬೇರೆ ಶಿಕ್ಷಕರು ತಮ್ಮದೇ ಲ್ಯಾಪ್‌ಟಾಪ್ ತರುವುದರಿಂದ ಕಿಯಾಸ್ಕ್ ನಮಗೆ ಹೊಂದುವುದಿಲ್ಲ. ಫೋನು ಐಫೋನೇ ಆಗಿತ್ತು. ಅದರಲ್ಲಿ ಬಟನ್ ಮರೆಮಾಡಿ, ಹೋಮ್ ಸ್ಕ್ರೀನಿಗೆ ಸೇರಿಸುವ ಬಗೆಯನ್ನು ಪುಟದಲ್ಲೇ ಎರಡು ಸಾಲಿನಲ್ಲಿ ಬರೆದಿದ್ದೇನೆ. ಸಾಲಿನ ಎತ್ತರ ನಮ್ಮ ಫಾಂಟಿಗೆ 1.8 ಕೂಡ ಸಾಲಲಿಲ್ಲ, 2ಕ್ಕೆ ಏರಿಸಿದ ಮೇಲೆ ಹಿಂದಿನ ಬೆಂಚಿನಿಂದಲೂ ಒತ್ತುಗಳು ಬಿಡಿಬಿಡಿಯಾಗಿ ಕಂಡವು.