ಕಾಡುದಾರಿಯಲ್ಲಿ ಪಂಕ್ಚರ್: ಪಂಪೋ, ಗ್ಯಾಸ್ ಕಾರ್ಟ್ರಿಡ್ಜೋ?

ಹೊಸ ಸವಾರ:

ಕಳೆದ ಭಾನುವಾರ ಕಾಡುದಾರಿಯಲ್ಲಿ ಹಿಂದಿನ ಚಕ್ರ ಪಂಕ್ಚರ್ ಆಯಿತು. ಟ್ಯೂಬ್ ಬದಲಿಸುವುದು ಗೊತ್ತಿತ್ತು, ಬದಲಿಸಿದೆ. ಗೆಳೆಯ ಕೊಟ್ಟಿದ್ದ ಗ್ಯಾಸ್ ಕಾರ್ಟ್ರಿಡ್ಜನ್ನು, ಅಂದರೆ ಒತ್ತಿ ತುಂಬಿದ ಅನಿಲದ ಪುಟ್ಟ ಸಿಲಿಂಡರನ್ನು, ವಾಲ್ವ್‌ಗೆ ಇಟ್ಟು ತಿರುಗಿಸಿದೆ. ಬುಸ್ಸೆಂದು ಅಷ್ಟೂ ಹೊರಗೇ ಹೋಯಿತು. ಮೂರು ಸೆಕೆಂಡಿನ ಎಡವಟ್ಟಿಗೆ ಏಳು ಕಿಲೋಮೀಟರ್ ನಡಿಗೆ. ನನ್ನದು 29 ಇಂಚಿನ ಚಕ್ರ, 2.3 ಅಗಲದ ಟೈರ್, ಒಳಗೆ ಟ್ಯೂಬ್ ಇದೆ. ಚಿಕ್ಕ ಪಂಪ್ ಕೊಳ್ಳಲೇ, ಕಾರ್ಟ್ರಿಡ್ಜ್ ಬಳಸುವುದನ್ನೇ ಸರಿಯಾಗಿ ಕಲಿಯಲೇ? ಅನುಭವ ಇರುವವರು ದಯವಿಟ್ಟು ತಿಳಿಸಿ.

ತೇಪೆಪ್ರಿಯ:

ಪಂಪ್ ಕೊಳ್ಳಿ. ಏಕೆಂದು ತಿಳಿಯಲು ನನ್ನ ದಡ್ಡತನವನ್ನು ಕೇಳಿ. ಎರಡು ಟ್ಯೂಬ್, ಎರಡು ಕಾರ್ಟ್ರಿಡ್ಜ್ ಜೇಬಿನಲ್ಲಿಟ್ಟುಕೊಂಡು ಒಮ್ಮೆ ಬಹಳ ಗತ್ತಿನಿಂದ ಹೊರಟಿದ್ದೆ. ಮೊದಲ ಪಂಕ್ಚರ್ ಆದಾಗ ಟ್ಯೂಬ್ ಹಾಕಿ, ಕಣ್ಣು ಮಿಟುಕಿಸುವಷ್ಟರಲ್ಲಿ ಗ್ಯಾಸ್ ತುಂಬಿ, ಜೊತೆಗಿದ್ದವರ ಕಡೆ ಒಂದು ನಗೆ ಬೀರಿ ಹತ್ತಿದೆ. ಇನ್ನೂರು ಮೀಟರ್ ಹೋಗುವಷ್ಟರಲ್ಲಿ ಮತ್ತೆ ಚಕ್ರ ನೆಲ ಹಿಡಿಯಿತು. ಮುಳ್ಳಿನ ತುದಿ ಟೈರಿನೊಳಗೇ ಉಳಿದಿತ್ತು. ಎರಡನೆಯ ಟ್ಯೂಬೂ ಅದಕ್ಕೇ ಆಹುತಿಯಾಯಿತು. ನಗೆ ಬೀರುವ ಸರದಿ ಜೊತೆಯವರದಾಯಿತು.

ಗಾಳಿ ತುಂಬುವುದು ಇಡೀ ಕೆಲಸದ ಬಾಲ ಮಾತ್ರ. ತಲೆ ಇರುವುದು ಮುಳ್ಳು ಹುಡುಕುವುದರಲ್ಲಿ. ಟೈರ್ ಮೇಲೆ ಬರೆದಿರುವ ಹೆಸರು ವಾಲ್ವ್‌ನ ನೇರಕ್ಕೆ ಬರುವಂತೆ ಟೈರನ್ನು ಮೊದಲೇ ಕೂರಿಸಿಕೊಂಡಿರಿ. ಪಂಕ್ಚರ್ ಆದಾಗ ಟ್ಯೂಬ್ ಹೊರತೆಗೆದು, ಸ್ವಲ್ಪ ಗಾಳಿ ಹೊಡೆದು, ಕೆನ್ನೆಯ ಬಳಿ ಹಿಡಿದು ನಿಧಾನವಾಗಿ ಸರಿಸುತ್ತ ಹೋಗಿ. ಕಿವಿಗೆ ಕೇಳಿಸದ ಸೋರಿಕೆ ಕೆನ್ನೆಗೆ ತಿಳಿಯುತ್ತದೆ. ತೂತು ವಾಲ್ವ್‌ನಿಂದ ಎಷ್ಟು ದೂರವಿದೆಯೋ ಟೈರಿನಲ್ಲೂ ಅಷ್ಟೇ ದೂರದಲ್ಲಿ ಹುಡುಕಿದರೆ ಕಳ್ಳ ಸಿಕ್ಕಿಬೀಳುತ್ತಾನೆ. ಟ್ಯೂಬನ್ನು ತಿರುವುಮುರುವು ಹಿಡಿದಿರಬಹುದು, ಆದ್ದರಿಂದ ವಾಲ್ವ್‌ನ ಎರಡೂ ಬದಿ ನೋಡಿ. ಬರಿಗೈಯಲ್ಲಿ ಸವರಬೇಡಿ, ಬೆರಳು ಕೊಯ್ದುಕೊಳ್ಳುತ್ತೀರಿ. ಹತ್ತಿ ಬಟ್ಟೆಯ ತುಂಡಿನಿಂದ ಒಳಭಾಗವನ್ನು ಒರೆಸಿದರೆ ಅತಿ ಸಣ್ಣ ಮುಳ್ಳಿಗೂ ಎಳೆ ಸಿಕ್ಕಿಕೊಳ್ಳುತ್ತದೆ. ಟೈರನ್ನು ಒಳಗಿನಿಂದ ಹೊರಕ್ಕೆ ಬಗ್ಗಿಸಿಯೂ ನೋಡಿ. ನೆಟ್ಟಗಿದ್ದಾಗ ಅಡಗಿರುವ ತುದಿ ಬಗ್ಗಿಸಿದಾಗ ಮೂತಿ ತೋರಿಸುತ್ತದೆ.

ಅಕ್ಕಪಕ್ಕ ಎರಡು ತೂತುಗಳಿದ್ದರೆ ಅದು ಹೆಚ್ಚಾಗಿ ಮುಳ್ಳಿನ ಕೆಲಸವಲ್ಲ. ಗಾಳಿ ಕಡಿಮೆಯಾಗಿ, ಕಲ್ಲಿಗೆ ಬಡಿದಾಗ ಟ್ಯೂಬ್ ರಿಮ್ಮಿಗೆ ಸಿಕ್ಕಿ ಕಚ್ಚಿದ ಗುರುತು. ರಿಮ್ಮಿನ ಕಡೆಯ ಮುಖದಲ್ಲಿ ತೂತಿದ್ದರೆ ಕಡ್ಡಿಗಳ ತೂತು ಮುಚ್ಚುವ ರಿಮ್ ಟೇಪ್ ಸರಿದಿದೆಯೇ ನೋಡಿ.

ಅಗಲಚಕ್ರ:

ಮೇಲಿನವರು ಹೇಳಿದ್ದಕ್ಕೆ ನನ್ನ ಲೆಕ್ಕವನ್ನೂ ಸೇರಿಸುತ್ತೇನೆ, ಲೆಕ್ಕ ಎಂದರೆ ನನಗೆ ಸ್ವಲ್ಪ ಹುಚ್ಚು. ಸಾಮಾನ್ಯವಾಗಿ ಸಿಗುವ 16 ಗ್ರಾಂ ಕಾರ್ಟ್ರಿಡ್ಜಿನ ಇಂಗಾಲದ ಡೈಆಕ್ಸೈಡ್ ಹೊರಗಿನ ಒತ್ತಡದಲ್ಲಿ ಸುಮಾರು 9 ಲೀಟರ್ ಆಗುತ್ತದೆ. ರಸ್ತೆ ಸೈಕಲ್ಲಿನ 25 ಮಿಲಿಮೀಟರ್ ಟೈರಿನ ಹೊಟ್ಟೆ ಒಂದು ಲೀಟರಿನ ಆಸುಪಾಸು, ಅದಕ್ಕೆ ಗಾಳಿಯೊತ್ತಡದ ಅಳತೆಯಲ್ಲಿ 100 ಪಿಎಸ್‌ಐ ದಾಟಿ ತುಂಬುತ್ತದೆ. ನಿಮ್ಮ ಟೈರಿನ ಹೊಟ್ಟೆ 5 ಲೀಟರಿಗೂ ಹೆಚ್ಚು. ಅದೇ ಕಾರ್ಟ್ರಿಡ್ಜ್ ನಿಮಗೆ 20 ಪಿಎಸ್‌ಐ ಕೊಟ್ಟರೆ ಪುಣ್ಯ. ಸ್ವಲ್ಪ ಸೋರಿದರೂ ಮುಗಿಯಿತು, ಟ್ಯೂಬ್ ಇರುವ ಚಕ್ರವನ್ನು ಕಲ್ಲುದಾರಿಯಲ್ಲಿ ಅಷ್ಟು ಮೆತ್ತಗೆ ಓಡಿಸಿದರೆ ಮತ್ತೆ ರಿಮ್ ಕಚ್ಚುತ್ತದೆ. ಕಾರ್ಟ್ರಿಡ್ಜೇ ಬೇಕೆಂದರೆ 25 ಗ್ರಾಮಿನದನ್ನು ಇಟ್ಟುಕೊಳ್ಳಿ.

ಪಂಪಿನಲ್ಲೂ ಎರಡು ಜಾತಿ. ಸಪೂರ ಕೊಳವೆಯದು ಹೆಚ್ಚು ಒತ್ತಡಕ್ಕೆ, ದಪ್ಪ ಕೊಳವೆಯದು ಹೆಚ್ಚು ಗಾಳಿಗೆ. ನಿಮಗೆ ದಪ್ಪನೆಯದೇ ಬೇಕು. ಒಂದು ಎಳೆತಕ್ಕೆ 50 ಮಿಲಿಲೀಟರ್ ತಳ್ಳುವ ಪಂಪಾದರೆ ಆ 9 ಲೀಟರಿಗೆ ಕಾಗದದ ಮೇಲೆ 180 ಸಲ ಸಾಕು. ತೋಳಿನ ಲೆಕ್ಕ ಬೇರೆ, 200 ದಾಟುತ್ತದೆ.

ಅವಸರದವನು:

ಎಲ್ಲರೂ ಕಾರ್ಟ್ರಿಡ್ಜನ್ನು ಬೈಯುತ್ತಿದ್ದೀರಿ. ಕತ್ತಲಾಗುತ್ತಿದೆ, ಮಳೆ ಹನಿಯುತ್ತಿದೆ, ಎಂಟು ಜನ ನಿಮ್ಮನ್ನೇ ನೋಡುತ್ತ ನಿಂತಿದ್ದಾರೆ, ಸೊಳ್ಳೆಗಳು ಬೇರೆ. ಆಗ 200 ಸಲ ಹೊಡೆಯುವ ತಾಳ್ಮೆ ನನಗಂತೂ ಇಲ್ಲ.

ಪ್ರಶ್ನೆ ಕೇಳಿದವರಿಗೆ ಆದದ್ದು ಬಹುಶಃ ಹೀಗೆ: ಉದ್ದನೆಯ ಪ್ರೆಸ್ಟಾ ವಾಲ್ವ್‌ನ ತುದಿಯ ಪುಟ್ಟ ನಟ್ಟನ್ನು ಸಡಿಲಿಸಿರಲಿಲ್ಲ, ಇಲ್ಲವೇ ಕಾರ್ಟ್ರಿಡ್ಜಿನ ಮೂತಿ ವಾಲ್ವ್ ಮೇಲೆ ಪೂರ್ತಿ ಕೂತಿರಲಿಲ್ಲ. ನಟ್ಟನ್ನು ಸಡಿಲಿಸಿ, ಬೆರಳಿನಿಂದ ಒಮ್ಮೆ ಒತ್ತಿ ಪಿಸ್ ಎನ್ನಿಸಿ, ಮೂತಿಯನ್ನು ಗಟ್ಟಿಯಾಗಿ ಕೂರಿಸಿ, ಆಮೇಲೆ ಗ್ಯಾಸ್ ಬಿಡಿ. ಬಿಡುವುದನ್ನು ನಿಯಂತ್ರಿಸುವ ತಿರುಪು ಇರುವ ಮೂತಿಯನ್ನೇ ಕೊಳ್ಳಿ. ಸ್ವಲ್ಪ ಬಿಟ್ಟು, ಟೈರ್ ಸರಿಯಾಗಿ ಕೂತಿದೆಯೇ ನೋಡಿ, ಉಳಿದದ್ದನ್ನು ಬಿಡಬಹುದು. ಕೊರಳಲ್ಲಿ ತಿರುಪಿನ ಗೆರೆ ಇರುವ ಕಾರ್ಟ್ರಿಡ್ಜಿಗೆ ಅಂಥದೇ ಗೆರೆ ಇರುವ ಮೂತಿಯೇ ಬೇಕು, ಅಂಗಡಿಯಲ್ಲೇ ಹೊಂದಿಸಿ ನೋಡಿ. ಬರಿಗೈಯಲ್ಲಿ ಹಿಡಿಯಬೇಡಿ. ಒಳಗಿನ ದ್ರವ ಆವಿಯಾಗುವಾಗ ಲೋಹ ಮಂಜುಗಟ್ಟುವಷ್ಟು ತಣ್ಣಗಾಗಿ ಚರ್ಮವನ್ನು ಸುಡುತ್ತದೆ.

ಇನ್ನೊಂದು ಮಾತು. ಈ ಅನಿಲ ಟ್ಯೂಬಿನ ರಬ್ಬರಿನಲ್ಲಿ ಕರಗಿ ಗಾಳಿಗಿಂತ ಬೇಗ ಹೊರಗೆ ನುಸುಳುತ್ತದೆ. ಮರುದಿನ ಚಕ್ರ ಮೆತ್ತಗಾಗಿದ್ದರೆ ಹೊಸ ಪಂಕ್ಚರ್ ಎಂದು ಗಾಬರಿಯಾಗಬೇಡಿ. ಮನೆಗೆ ಬಂದೊಡನೆ ಗ್ಯಾಸ್ ಬಿಟ್ಟು ಗಾಳಿ ಹೊಡೆದುಬಿಡಿ.

ತೇಪೆಪ್ರಿಯ:

ಅವಸರದವರು ಹೇಳಿದ ಸಂಜೆಯ ಚಿತ್ರ ಒಪ್ಪಿದೆ. ಆದರೆ ಅದೇ ಸಂಜೆ ಮೂರನೆಯ ಪಂಕ್ಚರ್ ಆದರೆ? ಪಂಪಿನಲ್ಲಿ ಗಾಳಿ ಖಾಲಿಯಾಗುವುದಿಲ್ಲ. ತೇಪೆಯನ್ನೂ ಮರೆಯಬೇಡಿ. ಉಪ್ಪುಕಾಗದದಿಂದ ಉಜ್ಜಿ, ಸೊಲ್ಯೂಷನ್ ತೆಳ್ಳಗೆ ಹಚ್ಚಿ, ಹೊಳಪು ಹೋಗುವವರೆಗೆ ಕಾಯಿರಿ. ಹಸಿ ಇರುವಾಗಲೇ ತೇಪೆ ಒತ್ತುವುದು ಎಲ್ಲರೂ ಮಾಡುವ ತಪ್ಪು. ಒಮ್ಮೆ ಮುಚ್ಚಳ ತೆರೆದ ಸೊಲ್ಯೂಷನ್ ಕೆಲ ತಿಂಗಳಲ್ಲಿ ಒಣಗಿರುತ್ತದೆ, ಹೊರಡುವ ಮುನ್ನ ಹಿಸುಕಿ ನೋಡಿ.

ಮುಳ್ಳುಹಾದಿ:

ನಾನು ಟ್ಯೂಬ್‌ಲೆಸ್ ಬಳಸುವವಳು, ಆದ್ದರಿಂದ ಹೆಚ್ಚು ಹೇಳುವುದಿಲ್ಲ. ಸಣ್ಣ ಮುಳ್ಳುಗಳನ್ನು ಒಳಗಿನ ಸೀಲಂಟ್ ದ್ರವ ತಾನೇ ಮುಚ್ಚುತ್ತದೆ, ದೊಡ್ಡ ತೂತಿಗೆ ರಬ್ಬರ್ ಬತ್ತಿ ತುರುಕುತ್ತೇನೆ. ಕಾರ್ಟ್ರಿಡ್ಜಿನ ಚಳಿಗೆ ಕೆಲವು ಸೀಲಂಟ್ ಹೆಪ್ಪುಗಟ್ಟುತ್ತದೆ, ವಾಲ್ವನ್ನು ಮೇಲ್ಭಾಗಕ್ಕೆ ತಂದು ಗ್ಯಾಸ್ ಬಿಡುವುದು ವಾಸಿ.

ಪಂಪ್ ಕೊಳ್ಳುವವರಿಗೆ ಒಂದು ಎಚ್ಚರಿಕೆ. ತಿರುಗಿಸಿ ಜೋಡಿಸುವ ಕೊಳವೆ ಇದ್ದರೆ, ಬಿಚ್ಚುವಾಗ ಪ್ರೆಸ್ಟಾ ವಾಲ್ವ್‌ನ ಒಳತಿರುಳೂ ಜೊತೆಗೇ ಬಿಚ್ಚಿಕೊಂಡು ಬರಬಹುದು. ಬೆವರು ಸುರಿಸಿ ಹೊಡೆದ ಇನ್ನೂರು ಎಳೆತ ಒಂದೇ ಉಸಿರಿಗೆ ಹೋದಾಗ ನನ್ನ ಬಾಯಿಂದ ಬಂದ ಮಾತುಗಳನ್ನು ಇಲ್ಲಿ ಬರೆಯಲಾರೆ. ಆ ತಿರುಳನ್ನು ಮನೆಯಲ್ಲೇ ಬಿಗಿ ಮಾಡಿಕೊಂಡು ಹೊರಡಿ.

ಹೊಸ ಸವಾರ:

ಎಲ್ಲರಿಗೂ ವಂದನೆ. ದಪ್ಪ ಕೊಳವೆಯ ಪಂಪ್ ಕೊಂಡೆ, ಒಂದು 25 ಗ್ರಾಮಿನ ಕಾರ್ಟ್ರಿಡ್ಜನ್ನೂ ಚೀಲಕ್ಕೆ ಹಾಕಿದೆ. ನಿನ್ನೆ ಮನೆಯಲ್ಲೇ ಅಭ್ಯಾಸಕ್ಕೆ ಕೂತೆ. ಟೈರಿನ ಕೊನೆಯ ಒಂದು ಗೇಣು ರಿಮ್ಮಿನೊಳಕ್ಕೆ ಹೋಗಲು ಒಪ್ಪದೆ ಹೆಬ್ಬೆರಳು ಕೆಂಪಾಯಿತು. ಉಳಿದ ಭಾಗವನ್ನು ರಿಮ್ಮಿನ ನಡುವಿನ ತಗ್ಗಿಗೆ ಒತ್ತಿಕೊಂಡು ಬಂದ ಮೇಲೆ ಟೈರ್ ಎಬ್ಬುವ ಲಿವರ್ ಇಲ್ಲದೆಯೇ ಕೂತಿತು. ಗಾಳಿ ಹೊಡೆಯಲು 226 ಎಳೆತ, ಎಣಿಸಿದ್ದೇನೆ.

ಅದಕ್ಕೂ ಮೊದಲು, ತೇಪೆಪ್ರಿಯರು ಹೇಳಿದಂತೆ ಟೈರಿನ ಒಳಗನ್ನು ಹತ್ತಿ ಬಟ್ಟೆಯಿಂದ ಒರೆಸಿದ್ದೆ. ಭಾನುವಾರದ ಮುಳ್ಳು ಇನ್ನೂ ಅಲ್ಲೇ ಇತ್ತು.