ಫಾರಿನ್‌ದಿಂದ ಬಂದೀನಿ, ಎಚ್‌ಐವಿ ಟೆಸ್ಟ್ ನೆಗೆಟಿವ್ ಬಂದೈತಿ. ಇಷ್ಟಕ್ಕ ನಿಶ್ಚಿಂತಿ ಇರಬಹುದೇನ್ರಿ?

ತಾರಿಹಾಳ ಫಿಟ್ಟರ್:

ಎಲ್ಲಾರಿಗೂ ನಮಸ್ಕಾರ್ರಿ. ಹೆಸರು ಹಾಕಂಗಿಲ್ಲ, ತಪ್ಪ ತಿಳ್ಕೋಬ್ಯಾಡ್ರಿ. ಹುಬ್ಬಳ್ಳಿ ತಾರಿಹಾಳ ಇಂಡಸ್ಟ್ರಿಯಲ್ ಏರಿಯಾದಾಗ ಫಿಟ್ಟರ್ ಅದೀನಿ. ಮಷೀನ್ ಕೂಡಸಾಕ ಕಂಪನಿಯವ್ರು ಮೂರು ವಾರ ಥೈಲ್ಯಾಂಡಿಗೆ ಕಳಿಸಿದ್ರು. ವಾಪಸ್ ಬರೋ ಹಿಂದಿನ ರಾತ್ರಿ ಒಂದ ಸಲ ಹಾದಿ ತಪ್ಪಿದೆ. ಕಾಂಡೋಮ್ ಇತ್ತು, ನಡುವ ಹರೀತು. ಅದಾಗಿ ಇವತ್ತಿಗೆ 19 ದಿನ.

ಎಂಟನೇ ದಿನಕ್ಕ ಒಂದ ಪ್ರೈವೇಟ್ ಲ್ಯಾಬಿನಾಗ ಎಚ್‌ಐವಿ ಟೆಸ್ಟ್ ಮಾಡಿಸಿದೆ, ನೆಗೆಟಿವ್ ಬಂತು. ಆದ್ರ ಕೌಂಟರಿನ ಹುಡುಗ ಎಲ್ಲಾರ ಮುಂದ ಟೆಸ್ಟಿನ ಹೆಸರು ಹಿಡದು ಒದರಿದ. ಬಾಜೂ ಕುರ್ಚಿಮ್ಯಾಲೆ ನಮ್ಮ ಓಣಿ ಅಜ್ಜಿ ಶುಗರ್ ಟೆಸ್ಟಿಗೆ ಕುಂತಿದ್ಲು. ಅವತ್ತಿಂದ ಮತ್ತೊಮ್ಮೆ ಆ ಕಡೆ ಹೋಗೋ ಧೈರ್ಯ ಆಗವಲ್ದು.

ಮನಿಯಾಕಿ ಐದು ತಿಂಗಳ ಬಸುರಿ. ನಾ ಹೋಗೋ ಮೊದ್ಲ ತವರಿಗೆ, ನರಗುಂದಕ್ಕ ಹೋಗ್ಯಾಳ. ಬರೋ ವಾರ ಬರ್ತಾಳ. ನನಗ ಉರಿ ಇಲ್ಲ, ಗಾಯ ಇಲ್ಲ, ಏನೂ ತ್ರಾಸ ಇಲ್ಲ. ಈ ರಿಪೋರ್ಟ್ ನಂಬಬಹುದೇನ್ರಿ? ಮೆಡಿಕಲ್ ಶಾಪಿನ ಗೆಳೆಯಾ ಒಂದ ಕೋರ್ಸ್ ಗುಳಿಗಿ ನುಂಗಿಬಿಡು ಅಂತಾನ.

ಸವಣೂರ ಡ್ರೈವರ್:

ಅಣ್ಣಾ, ಮೊದ್ಲ ಕೇಳಿದ್ದು ಚಲೋ ಆತು. ನಾ ಒಮಾನದಾಗ ಆರು ವರ್ಷ ಗಾಡಿ ಹೊಡದೀನಿ. ಗಲ್ಫಿಗೆ ಹೋಗೋರಿಗೆ ವೀಸಾದ ಮೆಡಿಕಲ್‌ನಾಗ ಎಚ್‌ಐವಿ, ಲಿವರಿಗೆ ಹತ್ತೋ ಹೆಪಟೈಟಿಸ್ ಬಿ, ಸಿ, ಲೈಂಗಿಕ ಸಂಬಂಧದಿಂದ ಅಂಟೋ ಸಿಫಿಲಿಸ್ ಎಲ್ಲಾ ನೋಡ್ತಾರ. ನನ್ನ ಜೋಡಿ ಹೊಂಟ ಹುಡುಗಗ ಹೆಪಟೈಟಿಸ್ ಬಿ ಇದ್ದದ್ದು ಅಲ್ಲೇ ಗೊತ್ತಾತು. ಕೈಯಾಗ ‘ಅನ್‌ಫಿಟ್’ ಅಂತ ಹಾಳಿ ಕೊಟ್ರು, ಏನು ರೋಗ, ಮುಂದೇನು ಮಾಡಬೇಕು ಒಬ್ಬರೂ ಹೇಳಲಿಲ್ಲ. ಏಜೆಂಟಗ ಕೊಟ್ಟ ಸಾಲದ ರೊಕ್ಕನೂ ಹೋತು. ಅದಕ್ಕ ಹೇಳ್ತೀನಿ, ಹೊರಗ ಹೋಗೋರು ಮೊದ್ಲ ನಮ್ಮೂರಾಗ, ನಮಗ ತಿಳಿಯೋ ಭಾಷಾದಾಗ ಹೇಳೋರ ಕಡೆ ರಕ್ತ ತೋರಿಸ್ರಿ. ಹೆಪಟೈಟಿಸ್ ಬಿ ಇಲ್ಲಂದ್ರ ಲಸಿಕಿ ಹಾಕಿಸ್ಕೋರಿ. ಮೂರು ಡೋಸ್, ಮೊದಲನೇದು ಆದ ಒಂದು ತಿಂಗಳಿಗೆ ಎರಡನೇದು, ಆರು ತಿಂಗಳಿಗೆ ಮೂರನೇದು. ಟಿಕೆಟ್ ಕೈಗೆ ಬಂದಮ್ಯಾಲೆ ಓಡ್ಯಾಡಿದ್ರ ಮುಗಿಯಂಗಿಲ್ಲ.

ಧಾರವಾಡದ ಅಕ್ಕ:

ತಮ್ಮಾ, ನೀ ಬರದದ್ದು ಎರಡು ಸಲ ಓದಿದೆ. ಸರ್ಕಾರಿ ಆಸ್ಪತ್ರಿಯ ಐಸಿಟಿಸಿ, ಅಂದ್ರ ಎಚ್‌ಐವಿ ಸಮಾಲೋಚನೆ ಮತ್ತ ಟೆಸ್ಟಿನ ಕೇಂದ್ರದ ಒಳಗ ಹದಿನಾಲ್ಕು ವರ್ಷ ಆಪ್ತ ಸಮಾಲೋಚಕಿ ಆಗಿದ್ದೆ. ನಿನ್ನಂಥ ಮಂದೀನ ಬಹಳ ನೋಡೀನಿ, ಬಹುತೇಕರು ಎಂಟನೇ ದಿನದ ಕಾಗದ ಕಿಸೆದಾಗ ಇಟಗೊಂಡೇ ಬರ್ತಿದ್ರು.

ಆ ರಿಪೋರ್ಟ್ ಸುಳ್ಳಲ್ಲ. ಆದ್ರ ಅದು ಹೇಳೋದು ನೀ ಥೈಲ್ಯಾಂಡಿಗೆ ಹೋಗೋಕಿಂತ ಮೊದಲಿನ ಮಾತು. ವೈರಸ್ ಮೈಯಾಗ ಹೊಕ್ಕಮ್ಯಾಲೆ ರಕ್ತದಾಗ ಪ್ರತಿಕಾಯ, ಅಂದ್ರ ಅದರ ವಿರುದ್ಧ ಮೈ ತಯಾರ ಮಾಡೋ ಅಂಶ, ಹುಟ್ಟಲಿಕ್ಕೆ ವಾರಗಟ್ಟಲೆ ಬೇಕು. ಲ್ಯಾಬಿನಾಗ ನರದಿಂದ ರಕ್ತ ತಗೊಂಡು ಮಾಡೋ ಫೋರ್ತ್ ಜನರೇಶನ್ ಟೆಸ್ಟ್ 45 ದಿನಕ್ಕ ನಂಬಬಹುದು. ಪಟ್ಟಿಮ್ಯಾಲೆ ರಕ್ತದ ಹನಿ ಹಾಕಿ ಗೆರೆ ಮೂಡ್ತದೋ ಇಲ್ಲೋ ಅಂತ ನೋಡೋ ಟೆಸ್ಟ್ ಇದ್ರ 90 ದಿನ ಕಾಯಬೇಕು. ನೀ ಲೆಕ್ಕ ಹಿಡೀಬೇಕಾದ್ದು ಆ ರಾತ್ರಿಯಿಂದ, ಊರಿಗೆ ಬಂದ ದಿನದಿಂದ ಅಲ್ಲ.

ಇನ್ನೊಂದು ಮಾತು ಮನಸ್ಸಿಗೆ ಬಹಳ ಹತ್ತೇದ. ಅಂಥಾ ಘಟನಾ ಆದ 72 ತಾಸಿನ ಒಳಗ ಬಂದಿದ್ರ ಎಚ್‌ಐವಿ ಅಂಟದಂಗ ತಡಿಯೋ 28 ದಿನದ ಪೆಪ್ ಗುಳಿಗಿ ಚಾಲೂ ಮಾಡಬಹುದಿತ್ತು. ನಿನಗ ವ್ಯಾಳೆ ಮೀರೇದ. ಇದನ್ನ ಓದೋರು ಯಾರಾದ್ರೂ ನೆನಪಿಟಗೋರಿ, ನಾಳೆ ಅನಬ್ಯಾಡ್ರಿ.

ಎಚ್‌ಐವಿ ಒಂದೇ ನೋಡಿದ್ರ ಸಾಲದು. ಸಿಫಿಲಿಸ್ ಗಾಯ ನೋಯಂಗಿಲ್ಲ, ತುರಸಂಗಿಲ್ಲ. ಸಾಮಾನ್ಯ ಮೂರು ವಾರಕ್ಕ ಏಳ್ತದ, ಒಮ್ಮೊಮ್ಮೆ ಮೂರು ತಿಂಗಳ ತನಕ ತಡ ಆಗ್ತದ. ಔಷಧಾ ಇಲ್ಲದ ತಾನ ಮಾಯ್ತದ, ಬ್ಯಾನಿ ಮಾತ್ರ ರಕ್ತದಾಗ ಉಳೀತದ. ಬಸುರಿಗೆ ಅಂಟಿದ್ರ ಹೊಟ್ಟ್ಯಾಗಿನ ಕೂಸು ಸಾಯಬಹುದು. ಸಿಕ್ಕಿಬಿದ್ರ ಪೆನಿಸಿಲಿನ್ ಇಂಜೆಕ್ಷನ್‌ಗೆ ಹೋಗ್ತದ. ಅದಕ್ಕ ಸಿಫಿಲಿಸ್ ನೋಡೋ ರಕ್ತದ ಟೆಸ್ಟ್ ವಿಡಿಆರ್‌ಎಲ್ ಈಗೊಮ್ಮೆ, 90 ದಿನಕ್ಕ ಮತ್ತೊಮ್ಮೆ ಮಾಡಿಸು. ಗೊನೋರಿಯಾ, ಕ್ಲಮೈಡಿಯಾ ಅಂತ ಇನ್ನೆರಡು ಲೈಂಗಿಕ ರೋಗ ಅದಾವ, ಎರಡೂ ತ್ರಾಸ ಕೊಡದನ ಕೂತಿರತಾವ, ಮೂತ್ರದ ಟೆಸ್ಟ್ ಇವತ್ತ ಮಾಡಿಸಬಹುದು. ಗೆಳೆಯಾನ ಗುಳಿಗಿ ದಯವಿಟ್ಟು ಬ್ಯಾಡ. ಗೊನೋರಿಯಾ ಹಳೇ ಗುಳಿಗಿಗೆಲ್ಲ ಬಗ್ಗವಲ್ದು, ಅರ್ಧಂಬರ್ಧ ಔಷಧಾ ತಗೊಂಡ್ರ ಲಕ್ಷಣ ಅಡಗಿ ರೋಗ ಒಳಗ ಉಳೀತದ.

ಹುಬ್ಬಳ್ಳಿಯ ಸರ್ಕಾರಿ ಆಸ್ಪತ್ರಿ ಕಿಮ್ಸ್‌ಗೆ (ಈಗ ಅದರ ಹೆಸರು ಕೆಎಂಸಿಆರ್‌ಐ) ಹೋಗು. ಅದು ವಿದ್ಯಾನಗರದಾಗ ಅದ. ಒಪಿಡಿ ಚೀಟಿ ಮಾಡಿಸಿ ‘ಐಸಿಟಿಸಿ ಎಲ್ಲದ’ ಅಂತ ಕೇಳು, ಅಷ್ಟ ಸಾಕು. ಹುಬ್ಬಳ್ಯಾಗ ಯಾರರೆ ನೋಡ್ತಾರ ಅಂತ ಅಂಜಿಕಿ ಇದ್ರ ಧಾರವಾಡ ಜಿಲ್ಲಾ ಆಸ್ಪತ್ರಿ ಅದ, ಗದಗಿನ ಸರ್ಕಾರಿ ಆಸ್ಪತ್ರಿ ಜಿಮ್ಸ್ ಅದ. ಟೆಸ್ಟ್ ಪುಕ್ಕಟೆ. ಬಾಗಲಾ ಹಾಕಿದ ಖೋಲಿಯೊಳಗ ಮೊದಲ ಮಾತಾಡ್ತಾರ, ನೀ ಒಪ್ಪಿದಮ್ಯಾಲೆ ರಕ್ತ ತಗೋತಾರ. ರಿಪೋರ್ಟ್ ನಿನ್ನ ಕೈಯಾಗ ಕೊಡ್ತಾರ. ಒಪ್ಪಿಗಿ ಇಲ್ಲದ ಟೆಸ್ಟ್ ಮಾಡೋದು, ಫಲಿತಾಂಶ ಊರಿಗೆ ಸಾರೋದು 2017ರ ಎಚ್‌ಐವಿ ಕಾಯ್ದೆ ಪ್ರಕಾರ ತಪ್ಪು. ಆ ಲ್ಯಾಬಿನ ಹುಡುಗಗ ಇದನ್ನ ಯಾರೂ ಕಲಿಸಿಲ್ಲ. ಮೊದಲ ಫೋನಿನಾಗ ಮಾತಾಡಬೇಕಂದ್ರ ಎಚ್‌ಐವಿ ಸಹಾಯವಾಣಿ 1097ಕ್ಕ ಹಚ್ಚು, ದುಡ್ಡು ಬೀಳಂಗಿಲ್ಲ.

ನಿನ್ನ ಹೇಣ್ತಿಗೆ ಇನ್ನೂ ತನಕ ಏನೂ ಅಪಾಯ ಆಗಿಲ್ಲ, ಆಕಿ ತವರಾಗಿದ್ದದ್ದು ಪುಣ್ಯ. ಬಂದಮ್ಯಾಲೆ 90 ದಿನದ ರಿಪೋರ್ಟ್ ಕೈಗೆ ಬರೋತನಕ ದೂರ ಇರು, ಇಲ್ಲಂದ್ರ ಕಾಂಡೋಮ್ ತಪ್ಪಸಬ್ಯಾಡ. ಬಸುರಾಗಿದ್ದಾಗ ಹೊಸದಾಗಿ ಎಚ್‌ಐವಿ ಅಂಟಿದ್ರ ಕೂಸಿಗೆ ಹೋಗೋ ಸಾಧ್ಯತಾ ಜಾಸ್ತಿ.

ತಾರಿಹಾಳ ಫಿಟ್ಟರ್:

ಅಕ್ಕಾರ, ಕಾಂಡೋಮ್ ಯಾಕ ಅಂತ ಆಕಿ ಕೇಳಿದ್ರ ಏನು ಹೇಳ್ಲಿ?

ಧಾರವಾಡದ ಅಕ್ಕ:

ಖರೇ ಹೇಳು ತಮ್ಮಾ. ಒಬ್ಬಾವನಿಗೇ ಬಾಯಿ ಬರಲಿಲ್ಲಂದ್ರ ಅಲ್ಲಿನ ಕೌನ್ಸೆಲರ್ ಮುಂದ ಇಬ್ಬರೂ ಕುಂದ್ರಿ, ಅವರು ಮಾತು ಶುರು ಮಾಡಿಕೊಡ್ತಾರ. ನನ್ನ ಟೇಬಲ್ ಮುಂದ ಎಷ್ಟೋ ಜೋಡಿ ಹಂಗ ಕೂತದ್ದದ.

ತಾರಿಹಾಳ ಫಿಟ್ಟರ್ (ಒಂಬತ್ತು ದಿನದ ಮ್ಯಾಲೆ):

ಸೋಮವಾರ ಕಿಮ್ಸ್‌ಗೆ ಹೋಗಿ ಬಂದ್ನಿ. ಹೆಸರು ಹಿಡದು ಯಾರೂ ಕರೀಲಿಲ್ಲ, ಒಂದ ನಂಬರ್ ಕೊಟ್ರು. ಈಗಿಂದು ಎಚ್‌ಐವಿ, ವಿಡಿಆರ್‌ಎಲ್ ಎರಡೂ ನೆಗೆಟಿವ್. ಮತ್ತ ಬರೋ ತಾರೀಖು ಬರದು ಕೊಟ್ಟಾರ. ಮನಿಯಾಕಿಗೆ ಶುಕ್ರವಾರ ರಾತ್ರಿ ಹೇಳಿದೆ. ಎರಡು ದಿನ ಮಾತಾಡಲಿಲ್ಲ, ಊಟಕ್ಕ ನೀಡಿ ಒಳಗ ಹೋಗಿಬಿಡ್ತಿದ್ಲು. ಇವತ್ತ ಮುಂಜಾನೆ ತಾಯಿ ಕಾರ್ಡ್ ತಂದು ಮುಂದಿಟ್ಲು, ಅದರಾಗಿನ ತನ್ನ ಟೆಸ್ಟ್ ತೋರಿಸಿ, ನಿಮ್ಮ ತಾರೀಖು ಯಾವಾಗ ಅಂತ ಕೇಳಿದ್ಲು.